ವರದಿ ಕೈಗೆ ಬಂದ ಮೇಲೆ

ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಈಚೆಗಷ್ಟೇ ತಿಳಿದವರನ್ನೂ ಅವರ ಮನೆಯವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಮಾತಾಡುತ್ತಿದ್ದೇನೆ. ಮೂತ್ರ ಸಲೀಸಾಗಿ ಹೋಗುತ್ತಿಲ್ಲವೆಂದೋ, ರಾತ್ರಿ ನಾಲ್ಕೈದು ಸಲ ಏಳಬೇಕಾಗುತ್ತದೆಂದೋ, ಇಲ್ಲವೇ ಸುಮ್ಮನೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಪಿ.ಎಸ್.ಎ. ಹೆಚ್ಚಿದೆಯೆಂದೋ ಶುರುವಾದ ಓಡಾಟ ಬಯಾಪ್ಸಿಗೆ ಬಂದು ನಿಂತಿರುತ್ತದೆ. ವರದಿ ಕೈಗೆ ಬಂದ ದಿನ ಎರಡು ಹೆದರಿಕೆಗಳು ಒಟ್ಟಿಗೆ ಮನಸ್ಸನ್ನು ಹೊಗುತ್ತವೆ. ಮೊದಲನೆಯದು ಕಾಯಿಲೆಯದು. ಅದು ಎಲ್ಲರಿಗೂ ಅರ್ಥವಾಗುತ್ತದೆ, ಬಂದವರೆಲ್ಲ ಧೈರ್ಯ ಹೇಳುತ್ತಾರೆ. ಎರಡನೆಯದು ಚಿಕಿತ್ಸೆಯದು. ಆಪರೇಷನ್ ಆದ ಮೇಲೆ ಮೂತ್ರ ತಡೆದುಕೊಳ್ಳಲು ಆಗದೆ ಹೋದರೆ? ಗಂಡಹೆಂಡಿರ ಬಾಳು ಅಲ್ಲಿಗೇ ನಿಂತುಹೋದರೆ? ಕರೆಂಟು, ಎಂದರೆ ರೇಡಿಯೇಷನ್, ಕೊಡಿಸಿಕೊಂಡರೆ ಒಳಗಿನ ಅಂಗಾಂಗಗಳಿಗೆ ಪೆಟ್ಟಾದರೆ? ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಹೇಳಿದರೆ ‘ಜೀವ ಮುಖ್ಯವೋ, ಅದು ಮುಖ್ಯವೋ’ ಎಂಬ ಮಾತು ಮನೆಯೊಳಗಿನಿಂದಲೇ ಬರುತ್ತದೆ. ನಾನು ವಾದಿಸಬೇಕೆಂದಿರುವುದು ಇಷ್ಟು: ಈ ಎರಡನೆಯ ಹೆದರಿಕೆಗೆ ಗಟ್ಟಿಯಾದ ಕಾರಣಗಳಿವೆ, ಅದನ್ನು ಡಾಕ್ಟರ ಮುಂದೆ ಇಡಲೇಬೇಕು. ರೋಗ ಗ್ರಂಥಿಯೊಳಗೇ ಇರುವ ಬಹುಪಾಲು ಜನರಿಗೆ, ಹಾಗೆ ಇಟ್ಟು, ಕೇಳಿ, ಯೋಚಿಸಿ ತೀರ್ಮಾನಕ್ಕೆ ಬರುವಷ್ಟು ಕಾಲವೂ ಇದೆ. ಆ ಕಾಲವನ್ನು ತೆಗೆದುಕೊಳ್ಳುವುದು ಚಿಕಿತ್ಸೆಯ ಒಂದು ಭಾಗವೇ ಎಂದು ನನ್ನ ನಂಬಿಕೆ.

ಮೊದಲು ಆ ವರದಿಯನ್ನೇ ನೋಡೋಣ. ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕುಳಿತ, ಒಳ್ಳೆಯ ಬೆಟ್ಟದ ನೆಲ್ಲಿಕಾಯಿಯಷ್ಟಿರುವ ಗ್ರಂಥಿ. ವಯಸ್ಸಾದಂತೆ ಅದು ಊದಿಕೊಳ್ಳುವುದು ತೀರ ಸಾಮಾನ್ಯ, ಹಾಗೆ ಊದಿದ್ದೆಲ್ಲ ಕ್ಯಾನ್ಸರ್ ಆಗಿರುವುದಿಲ್ಲ. ಪಿ.ಎಸ್.ಎ. ಆ ಗ್ರಂಥಿ ತಯಾರಿಸುವ ಒಂದು ಪ್ರೋಟೀನು. ಸೋಂಕಿನಿಂದಲೂ ಅದು ಏರುತ್ತದೆ, ಬರಿಯ ಊತದಿಂದಲೂ ಏರುತ್ತದೆ, ಮೂತ್ರ ಕಟ್ಟಿಕೊಂಡಾಗಲೂ ಏರುತ್ತದೆ. ಪ್ರಾಸ್ಟೇಟ್ ಊತಕ್ಕೆಂದು ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡವರಲ್ಲಿ ಸುಮಾರು ಅರ್ಧಕ್ಕೆ ಇಳಿದಿರುವುದೂ ಉಂಟು. ಆದ್ದರಿಂದ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬುದನ್ನು ಡಾಕ್ಟರಿಗೆ ತಿಳಿಸುವುದು ಬಹಳ ಮುಖ್ಯ. ಬಯಾಪ್ಸಿಯಲ್ಲಿ ಸೂಜಿಯಿಂದ ಹತ್ತು ಹನ್ನೆರಡು ಎಳೆಗಳಷ್ಟು ಸಣ್ಣ ತುಣುಕುಗಳನ್ನು ತೆಗೆದಿರುತ್ತಾರೆ. ಎಷ್ಟು ತುಣುಕುಗಳಲ್ಲಿ ಕ್ಯಾನ್ಸರ್ ಕಂಡಿತು ಎಂದು ಬರೆದ ಮೇಲೆ ಗ್ಲೀಸನ್ ಎಂಬ ಹೆಸರು, ಅದರ ಪಕ್ಕದಲ್ಲಿ 3+3, 3+4, 4+5 ಎಂಬಂಥ ಅಂಕಿಗಳು ಇರುತ್ತವೆ. ಅಮೆರಿಕದ ಮಿನಿಯಾಪೊಲಿಸ್ ನಗರದ ರೋಗಶಾಸ್ತ್ರಜ್ಞ ಡೊನಾಲ್ಡ್ ಗ್ಲೀಸನ್ 1960ರ ದಶಕದಲ್ಲಿ ಮಾಡಿಕೊಟ್ಟ ಲೆಕ್ಕ ಇದು. ಸೂಕ್ಷ್ಮದರ್ಶಕದ ಕೆಳಗೆ ಜೀವಕೋಶಗಳ ವಿನ್ಯಾಸ ಎಷ್ಟು ಕೆಟ್ಟಿದೆ ಎಂಬುದಕ್ಕೆ ಕೊಟ್ಟ ಎರಡು ಅಂಕಗಳನ್ನು ಕೂಡಿದ್ದು.

ಇಲ್ಲೊಂದು ದೊಡ್ಡ ತಪ್ಪುತಿಳಿವಳಿಕೆಗೆ ಎಡೆಯಿದೆ. 3+3 ಅಂದರೆ 6. ಹತ್ತಕ್ಕೆ ಆರು ಎಂದು ಓದಿಕೊಂಡವರು ರೋಗ ಅರ್ಧ ದಾರಿ ದಾಟಿಬಿಟ್ಟಿದೆ ಎಂದು ತಿಳಿದು ಕುಸಿಯುತ್ತಾರೆ. ಈಗಿನ ರೂಢಿಯಲ್ಲಿ ಬಯಾಪ್ಸಿ ವರದಿಯ ಅಂಕ ಶುರುವಾಗುವುದೇ ಆರರಿಂದ. ಆರು ಎಂದರೆ ಏಣಿಯ ಅತಿ ಕೆಳಗಿನ ಮೆಟ್ಟಿಲು. ಈ ಗೊಂದಲ ತಪ್ಪಲೆಂದೇ ಈಚಿನ ವರ್ಷಗಳಲ್ಲಿ 1ರಿಂದ 5ರವರೆಗಿನ ಗ್ರೇಡ್ ಗುಂಪುಗಳನ್ನು ಜೊತೆಗೆ ಬರೆಯುತ್ತಾರೆ, ಗ್ಲೀಸನ್ 6 ಎಂಬುದು ಅಲ್ಲಿ ಗುಂಪು 1. ಹಾಗಾಗಿ ‘ಕ್ಯಾನ್ಸರ್’ ಎಂಬ ಒಂದೇ ಶಬ್ದದ ಕೆಳಗೆ, ಇಪ್ಪತ್ತು ವರ್ಷ ಇದ್ದಲ್ಲೇ ಇರಬಹುದಾದ ಕಾಯಿಲೆಯೂ ಇದೆ, ಕೆಲವೇ ವರ್ಷಗಳಲ್ಲಿ ಮೂಳೆಗೆ ಇಳಿಯುವ ಕಾಯಿಲೆಯೂ ಇದೆ. ಬೇರೆ ಕಾರಣಗಳಿಂದ ತೀರಿಕೊಂಡ ಗಂಡಸರ ಶವಪರೀಕ್ಷೆಗಳಲ್ಲಿ, ಎಪ್ಪತ್ತು ದಾಟಿದವರ ಪೈಕಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ಪ್ರಾಸ್ಟೇಟ್‌ನಲ್ಲಿ ಕ್ಯಾನ್ಸರ್ ಕೋಶಗಳು ಸಿಕ್ಕಿವೆ. ಬದುಕಿದ್ದಷ್ಟು ಕಾಲವೂ ಅವು ಅವರಿಗೆ ಒಂದು ದಿನದ ತೊಂದರೆಯನ್ನೂ ಕೊಟ್ಟಿರಲಿಲ್ಲ. ನಿಮ್ಮದು ಯಾವ ಬಗೆಯದು ಎಂಬುದನ್ನು ಪಿ.ಎಸ್.ಎ., ಗ್ಲೀಸನ್ ಅಂಕ, ಎಂ.ಆರ್.ಐ. ಅಥವಾ ಬೇರೆ ಸ್ಕ್ಯಾನಿಂಗ್ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ ಹೇಳಬೇಕು. ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಆಪರೇಷನ್ನಿಗೆ ದಿನ ಗೊತ್ತುಮಾಡುವುದು ಆತುರವೇ ಸರಿ.

ಕಾಲಾವಕಾಶ ಇದೆ ಎಂಬ ಮಾತಿಗೆ ಆಧಾರ ಕೊಡಬೇಕು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಬ್ರಿಸ್ಟಲ್ ವಿಶ್ವವಿದ್ಯಾಲಯಗಳ ಫ್ರೆಡಿ ಹಾಮ್ಡಿ, ಜೆನ್ನಿ ಡೊನೊವನ್ ಮತ್ತು ಅವರ ಸಂಗಡಿಗರು ನಡೆಸಿದ ‘ಪ್ರೊಟೆಕ್ಟ್’ ಎಂಬ ಅಧ್ಯಯನ ಈ ವಿಷಯದಲ್ಲಿ ನಮಗಿರುವ ಅತ್ಯಂತ ಬೆಲೆಯುಳ್ಳ ಸಾಕ್ಷ್ಯ. 1999ರಿಂದ 2009ರವರೆಗೆ ಬ್ರಿಟನ್ನಿನಲ್ಲಿ 50ರಿಂದ 69 ವರ್ಷದ 82,429 ಗಂಡಸರಿಗೆ ಪಿ.ಎಸ್.ಎ. ಪರೀಕ್ಷೆ ಮಾಡಿದರು. ಅವರಲ್ಲಿ 2,664 ಮಂದಿಗೆ ಗ್ರಂಥಿಯೊಳಗೇ ಇರುವ ಕ್ಯಾನ್ಸರ್ ಕಂಡಿತು. ಆ ಪೈಕಿ 1,643 ಮಂದಿ ಒಂದು ದೊಡ್ಡ ಮಾತಿಗೆ ಒಪ್ಪಿಕೊಂಡರು. ಆಪರೇಷನ್ನೋ, ರೇಡಿಯೇಷನ್ನೋ, ಇಲ್ಲವೇ ಸದ್ಯಕ್ಕೆ ಏನನ್ನೂ ಮಾಡದೆ ನಿಗಾದಲ್ಲಿ ಇರುವುದೋ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲು ಬಿಟ್ಟುಕೊಟ್ಟರು. ತಮ್ಮ ದೇಹದ ಮೇಲಿನ ತೀರ್ಮಾನವನ್ನು ಹೀಗೆ ಒಪ್ಪಿಸಿದ ಅವರ ಋಣ ಮುಂದಿನ ಎಲ್ಲ ರೋಗಿಗಳ ಮೇಲೂ ಇದೆ. ಸರಾಸರಿ ಹದಿನೈದು ವರ್ಷ ಅವರನ್ನು ಅನುಸರಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡವರು ಒಟ್ಟು 45 ಮಂದಿ, ಎಂದರೆ ನೂರಕ್ಕೆ ಮೂವರಿಗೂ ಕಡಿಮೆ. ನಿಗಾದ ಗುಂಪಿನಲ್ಲಿ 17, ಆಪರೇಷನ್ ಗುಂಪಿನಲ್ಲಿ 12, ರೇಡಿಯೇಷನ್ ಗುಂಪಿನಲ್ಲಿ 16. ಈ ಸಣ್ಣ ಏರುಪೇರು ಆಕಸ್ಮಿಕವಾಗಿಯೂ ಬರಬಹುದಾದಷ್ಟೇ. ಅದೇ ಹದಿನೈದು ವರ್ಷದಲ್ಲಿ ಹೃದಯಾಘಾತವೂ ಸೇರಿ ಎಲ್ಲ ಕಾರಣಗಳಿಂದ ಸತ್ತವರು 356. ಯಾವ ದಾರಿ ಹಿಡಿದರೂ ಈ ಕಾಯಿಲೆಯಿಂದ ಸಾಯುವ ಸಂಭವ ಹೆಚ್ಚುಕಡಿಮೆ ಒಂದೇ ಆಗಿ ಉಳಿದಿರುವಾಗ, ನಾಲ್ಕಾರು ವಾರ ಯೋಚಿಸಿದ್ದರಿಂದ ಜೀವ ಹೋಯಿತು ಎನ್ನಲು ಎಡೆ ಎಲ್ಲಿದೆ?

ಇದಕ್ಕೆ ಬರುವ ಮೊದಲ ಆಕ್ಷೇಪ ಹಗುರವಾದದ್ದಲ್ಲ. ಸಾವಿನ ಲೆಕ್ಕ ಒಂದೇ ಇರಬಹುದು, ಆದರೆ ನಿಗಾದಲ್ಲಿದ್ದವರಲ್ಲಿ ರೋಗ ಹರಡಿದ್ದು ಹೆಚ್ಚಲ್ಲವೇ ಎಂದು ಕೇಳುತ್ತಾರೆ. ನಿಜ, ಹೆಚ್ಚು. ಆ ಗುಂಪಿನ ನೂರರಲ್ಲಿ ಸುಮಾರು ಒಂಬತ್ತು ಮಂದಿಗೆ ರೋಗ ದೂರಕ್ಕೆ ಹರಡಿತು, ಉಳಿದೆರಡು ಗುಂಪುಗಳಲ್ಲಿ ಸುಮಾರು ಐದು. ಅಲ್ಲದೆ ನಿಗಾದಲ್ಲಿ ಇದ್ದವರ ಪೈಕಿ ನೂರಕ್ಕೆ ಅರುವತ್ತೊಂದು ಮಂದಿ ಮುಂದೊಂದು ದಿನ ಆಪರೇಷನ್ನೋ ರೇಡಿಯೇಷನ್ನೋ ಮಾಡಿಸಿಕೊಂಡರು. ಇದನ್ನು ಮುಚ್ಚಿಟ್ಟು ನಿಗಾವನ್ನು ಹೊಗಳುವುದು ರೋಗಿಗೆ ಮಾಡುವ ಮೋಸ. ಆದರೆ ಎರಡು ಸಂಗತಿಗಳನ್ನು ಇದರ ಪಕ್ಕದಲ್ಲಿ ಇಡಬೇಕು. ಆಗಿನ ನಿಗಾ ಮುಖ್ಯವಾಗಿ ಪಿ.ಎಸ್.ಎ. ಅಂಕಿಯನ್ನು ನೆಚ್ಚಿಕೊಂಡಿತ್ತು, ಈಗ ಎಂ.ಆರ್.ಐ. ಮತ್ತು ಗೊತ್ತಾದ ಅಂತರದಲ್ಲಿ ಮರುಬಯಾಪ್ಸಿ ಇರುವುದರಿಂದ ರೋಗ ಬಲಿಯುತ್ತಿರುವುದನ್ನು ಬೇಗ ಹಿಡಿಯಬಹುದು. ಮತ್ತೆ, ಆ ಅಧ್ಯಯನಕ್ಕೆ ಸೇರಿದವರಲ್ಲಿ ಸುಮಾರು ಮೂರನೆಯ ಒಂದು ಭಾಗ ಮಧ್ಯಮ ಅಥವಾ ಹೆಚ್ಚಿನ ಅಪಾಯದ ಗುಂಪಿನವರು. ಇಂದು ನಿಗಾವನ್ನು ಸೂಚಿಸುವುದು ಬಹುಮಟ್ಟಿಗೆ ಗ್ಲೀಸನ್ 6ರಂಥ ಕಡಿಮೆ ಅಪಾಯದವರಿಗೆ. ಗ್ಲೀಸನ್ 8, 9 ಬಂದವರಿಗೆ ಯಾವ ತಿಳಿದ ಡಾಕ್ಟರೂ ‘ನೋಡೋಣ’ ಎನ್ನುವುದಿಲ್ಲ, ಎನ್ನಬಾರದು. ಅವರಿಗೆ ಸಿಗುವುದು ಕಡಿಮೆ ವಾರಗಳು, ಆದರೂ ವಾರಗಳೇ. ಸ್ಕ್ಯಾನಿಂಗ್ ಮುಗಿಸಿಕೊಂಡು ಇನ್ನೊಬ್ಬ ತಜ್ಞರನ್ನು ಒಂದು ಸಲ ಕಾಣುವಷ್ಟು ಬಿಡುವು ಅಲ್ಲಿಯೂ ಇರುತ್ತದೆ.

ಒಳಗೆ ಕ್ಯಾನ್ಸರ್ ಇಟ್ಟುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡುವುದು ಹೇಗೆ, ತೆಗೆಸಿಬಿಟ್ಟರೆ ಮನಸ್ಸಿಗಾದರೂ ಸಮಾಧಾನ ಅಲ್ಲವೇ ಎಂದು ಮತ್ತೊಂದು ಮಾತು. ಕೇಳಲು ಎಷ್ಟು ಸಹಜವೆನಿಸಿದರೂ ಅದೇ ಅಧ್ಯಯನದಲ್ಲಿ ಮೂರೂ ಗುಂಪಿನವರ ಆತಂಕ, ಖಿನ್ನತೆಗಳನ್ನು ವರ್ಷವರ್ಷವೂ ಕೇಳಿ ಬರೆದುಕೊಂಡಾಗ ಗುಂಪುಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಿಗಾದಲ್ಲಿ ಇದ್ದವರು ಹೆಚ್ಚು ಕೊರಗಲಿಲ್ಲ, ಆಪರೇಷನ್ ಆದವರು ಹೆಚ್ಚು ನಿಶ್ಚಿಂತರಾಗಲಿಲ್ಲ.

ಈಗ ಚಿಕಿತ್ಸೆಯ ಹೆದರಿಕೆಗೆ ಬರುತ್ತೇನೆ. ಮೂತ್ರ ತಡೆಯುವ ಸ್ನಾಯು ಗ್ರಂಥಿಗೆ ಅಂಟಿಕೊಂಡೇ ಇದೆ. ಗಂಡಸಿನ ಲೈಂಗಿಕ ಶಕ್ತಿಗೆ ಬೇಕಾದ ನರಗಳು ಅದರ ಇಕ್ಕೆಲಗಳಲ್ಲಿ ನೂಲಿನ ಹಾಗೆ ಹಾದುಹೋಗುತ್ತವೆ. 1982ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಪ್ಯಾಟ್ರಿಕ್ ವಾಲ್ಶ್ ಆ ನರಗಳ ಜಾಡು ಹಿಡಿದು ಅವನ್ನು ಉಳಿಸಿ ಗ್ರಂಥಿ ತೆಗೆಯುವ ವಿಧಾನ ರೂಪಿಸುವವರೆಗೆ ಆಪರೇಷನ್ ಎಂದರೆ ಬಹುತೇಕ ಆ ಶಕ್ತಿ ಹೋದಂತೆಯೇ ಆಗಿತ್ತು. ಈಗ ಎಷ್ಟೋ ಮೇಲು. ಆದರೂ ಸಂಖ್ಯೆಗಳನ್ನು ಕೇಳಿ. ಪ್ರೊಟೆಕ್ಟ್ ಅಧ್ಯಯನದಲ್ಲಿ ಆಪರೇಷನ್ ಆಗಿ ಆರು ತಿಂಗಳಿಗೆ ನೂರರಲ್ಲಿ 46 ಮಂದಿ ಪ್ಯಾಡ್ ಹಾಕಿಕೊಳ್ಳುತ್ತಿದ್ದರು. ಆರು ವರ್ಷಕ್ಕೆ ಅದು 17ಕ್ಕೆ ಇಳಿಯಿತು. ಲೈಂಗಿಕ ಶಕ್ತಿ ಸಾಕಷ್ಟಿದೆ ಎಂದವರು ಶುರುವಿನಲ್ಲಿ ನೂರಕ್ಕೆ 67. ಆರು ತಿಂಗಳಿಗೆ ಆಪರೇಷನ್ ಆದವರಲ್ಲಿ 12, ರೇಡಿಯೇಷನ್ ಆದವರಲ್ಲಿ 22, ನಿಗಾದವರಲ್ಲಿ 52. ಆರು ವರ್ಷಕ್ಕೆ ಆಪರೇಷನ್ನಿನವರಲ್ಲಿ 17, ರೇಡಿಯೇಷನ್ನಿನವರಲ್ಲಿ 27, ನಿಗಾದವರಲ್ಲಿಯೂ 30ಕ್ಕೆ ಇಳಿದಿತ್ತು. ವಯಸ್ಸು ತನ್ನ ಪಾಲನ್ನು ಹೇಗೂ ತೆಗೆದುಕೊಳ್ಳುತ್ತದೆ ಎಂಬುದು ಈ ಕೊನೆಯ ಸಂಖ್ಯೆಯಲ್ಲಿ ಕಾಣುತ್ತದೆ. ನಿಗಾದವರಲ್ಲಿ ಹಲವರು ಆ ಹೊತ್ತಿಗೆ ಚಿಕಿತ್ಸೆ ಪಡೆದಿದ್ದರೆಂಬುದನ್ನೂ ಮರೆಯಬಾರದು. ರೇಡಿಯೇಷನ್ನಿನ ತೊಡಕು ಬೇರೆ ಕಡೆ: ಗುದನಾಳ ಪಕ್ಕದಲ್ಲೇ ಇರುವುದರಿಂದ ಕೆಲವರಿಗೆ ಮಲದ ಅವಸರ, ಆಗಾಗ ರಕ್ತ, ವರ್ಷಗಳ ಮೇಲೂ ಒಂದಿಷ್ಟು ಸೋರಿಕೆ ಉಳಿಯಬಹುದು.

ಇವೆಲ್ಲ ಸಣ್ಣ ವಿಷಯಗಳಲ್ಲ. ಪಂಚೆ ಒದ್ದೆಯಾಗುತ್ತದೆಂಬ ಅಳುಕಿಗೆ ಮದುವೆಮನೆಯ ಪಂಕ್ತಿಯಲ್ಲಿ ಕೂರದೆ ಹಿಂದೆ ಸರಿಯುವ ಮನುಷ್ಯ, ಎರಡು ಗಂಟೆಯ ಬಸ್ಸಿನ ದಾರಿಗೆ ಹೆದರಿ ಮಗಳ ಮನೆಗೆ ಹೋಗುವುದನ್ನೇ ಬಿಟ್ಟ ಮನುಷ್ಯ, ಕ್ಯಾನ್ಸರ್ ಗೆದ್ದವರ ಪಟ್ಟಿಯಲ್ಲಿ ಇರುತ್ತಾನೆ. ಅವನ ಬಾಳಿನಿಂದ ಹೋದದ್ದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಆದ್ದರಿಂದಲೇ ಚಿಕಿತ್ಸೆಗೆ ಮೊದಲೇ ಈ ಮಾತು ಆಗಬೇಕು. ಮೊದಲೇ ಆದರೆ ಮಾಡಬಹುದಾದದ್ದು ಬಹಳ ಇದೆ. ಮೂತ್ರವನ್ನು ನಡುವೆ ತಡೆಹಿಡಿಯುವಾಗ ಬಿಗಿಯುವ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಗುರುತಿಸಿಕೊಂಡು, ದಿನಕ್ಕೆ ಹಲವು ಸಲ ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಆಪರೇಷನ್ನಿಗೆ ಮುಂಚಿನಿಂದಲೇ ಕಲಿಯಬಹುದು. ನನ್ನ ರೋಗದಲ್ಲಿ ನರ ಉಳಿಸಲು ಸಾಧ್ಯವೇ, ಒಂದು ಬದಿಯೋ ಎರಡೂ ಬದಿಯೋ, ಇಂಥ ಆಪರೇಷನ್ ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಕೇಳಬಹುದು. ಒಳ್ಳೆಯ ಶಸ್ತ್ರವೈದ್ಯರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ಆಪರೇಷನ್ ಮಾಡುವವರನ್ನಷ್ಟೇ ಅಲ್ಲದೆ ರೇಡಿಯೇಷನ್ ತಜ್ಞರನ್ನೂ ಕಾಣಬೇಕು. ಇಬ್ಬರಿಗೂ ತಮ್ಮ ತಮ್ಮ ವಿದ್ಯೆಯ ಮೇಲೆ ಸಹಜವಾದ ಒಲವಿರುತ್ತದೆ, ಒಬ್ಬರ ಮಾತಿನಿಂದ ಪೂರ್ತಿ ಚಿತ್ರ ಸಿಗುವುದಿಲ್ಲ. ಮೊದಲೆಲ್ಲ ಏಳು ಎಂಟು ವಾರ ದಿನವೂ ಹೋಗಬೇಕಾಗಿದ್ದ ರೇಡಿಯೇಷನ್ ಈಗ ಎಷ್ಟೋ ಜನರಿಗೆ ನಾಲ್ಕು ವಾರದಲ್ಲಿ, 20 ಸಲಕ್ಕೆ ಮುಗಿಯುತ್ತದೆ. ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಇನ್ನೊಂದು ಬ್ರಿಟಿಷ್ ಪರೀಕ್ಷೆ 2016ರಲ್ಲಿ ಇದನ್ನು ಎತ್ತಿಹಿಡಿಯಿತು. ರಾಯಚೂರಿನಿಂದಲೋ ಸಾಗರದಿಂದಲೋ ಬಂದು ದೂರದ ಊರಿನಲ್ಲಿ ರೂಮು ಮಾಡಿಕೊಂಡು ಇರಬೇಕಾದವರಿಗೆ ಆ ಮೂರ್ನಾಲ್ಕು ವಾರಗಳ ಉಳಿತಾಯ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ನಾಡಿನ ಮಟ್ಟಿಗೆ ಎತ್ತಲೇಬೇಕಾದ ಆಕ್ಷೇಪ ಒಂದಿದೆ. ಪ್ರೊಟೆಕ್ಟ್‌ನಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು, ರಕ್ತಪರೀಕ್ಷೆಯಿಂದ ಮೊದಲೇ ಪತ್ತೆಯಾದವರು. ನಮ್ಮಲ್ಲಿ ಬಹಳ ಮಂದಿ ಆಸ್ಪತ್ರೆಗೆ ಬರುವುದೇ ಬೆನ್ನುಮೂಳೆ ನೋಯಲು ಶುರುವಾದ ಮೇಲೆ. ಅವರಿಗೆ ಈ ಸಮಾಧಾನದ ಮಾತೆಲ್ಲ ಯಾವ ಉಪಯೋಗಕ್ಕೆ? ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ರೋಗ ಮೂಳೆಗೆ ಹರಡಿದವರಿಗೆ ಕಾಯುವ ದಾರಿ ಇಲ್ಲ. ಅದರಲ್ಲಿಯೂ ಬೆನ್ನುನೋವಿನ ಜೊತೆ ಕಾಲುಗಳಲ್ಲಿ ಬಲ ಕುಂದಿದರೆ, ಸೊಂಟದ ಕೆಳಗೆ ಜೋಮು ಹಿಡಿದರೆ, ಮೂತ್ರ ಪೂರಾ ಕಟ್ಟಿಕೊಂಡರೆ ಅದೇ ದಿನ, ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿ ಅದುಮಿಹೋದರೆ ಕಾಲಿನ ಶಕ್ತಿ ಮರಳಿ ಬಾರದೆ ಉಳಿಯಬಹುದು. ಆದರೆ ಹರಡಿದೆ ಎಂದ ಮಾತ್ರಕ್ಕೆ ಮುಗಿಯಿತು ಎಂದುಕೊಳ್ಳುವುದೂ ತಪ್ಪು. ಗಂಡು ಹಾರ್ಮೋನನ್ನು ತಗ್ಗಿಸಿದರೆ ಈ ಕ್ಯಾನ್ಸರ್ ಹಿಮ್ಮೆಟ್ಟುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ ತೋರಿಸಿಕೊಟ್ಟದ್ದು 1941ರಲ್ಲಿ. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಬಂತು. ತಿಂಗಳಿಗೊಮ್ಮೆ ಇಲ್ಲವೇ ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್, ಇಲ್ಲವೇ ಒಂದೇ ಸಲಕ್ಕೆ ಬೀಜಗಳನ್ನು ತೆಗೆಯುವ ಸಣ್ಣ ಆಪರೇಷನ್, ಎರಡರ ಕೆಲಸವೂ ಒಂದೇ. ಎರಡನೆಯದಕ್ಕೆ ಖರ್ಚು ಬಹಳ ಕಡಿಮೆ, ತಪ್ಪದೆ ಮತ್ತೆ ಮತ್ತೆ ಬರುವ ಕಷ್ಟವೂ ಇಲ್ಲ. ಆದರೂ ‘ಗಂಡಸುತನವೇ ಹೋಯಿತು’ ಎಂಬ ನೋವನ್ನು ಅದು ಕೊಡಬಹುದು. ದುಡ್ಡಿಲ್ಲದ ರೋಗಿಯನ್ನು ಏನೂ ಕೇಳದೆ ಆ ದಾರಿಗೆ ತಳ್ಳುವುದು ಸರಿಯಲ್ಲ. ಅವನೂ ಕೇಳಿ, ತಿಳಿದು, ಒಪ್ಪಿ ಮಾಡಿಸಿಕೊಳ್ಳಬೇಕಾದದ್ದು. ಇದರ ಜೊತೆಗೆ ಅಬಿರಾಟೆರೋನ್ ಎಂಬ ಮಾತ್ರೆಯನ್ನು ಮೊದಲಿನಿಂದಲೇ ಸೇರಿಸಿದರೆ ಆಯುಸ್ಸು ಹೆಚ್ಚುತ್ತದೆ ಎಂದು ‘ಸ್ಟ್ಯಾಂಪೀಡ್’ ಎಂಬ ಪರೀಕ್ಷೆ 2017ರಲ್ಲಿ ತೋರಿಸಿತು: ಮೂರು ವರ್ಷದ ಕೊನೆಗೆ ಬದುಕಿದ್ದವರು ನೂರಕ್ಕೆ 76ರ ಬದಲು 83. ಆ ಮಾತ್ರೆಯನ್ನು ಈಗ ಭಾರತದ ಹಲವು ಕಂಪನಿಗಳು ತಯಾರಿಸುತ್ತವೆ. ಹಾರ್ಮೋನ್ ಇಳಿದಾಗ ಮೈ ಬಿಸಿಯೇರುವುದು, ಸುಸ್ತು, ಮಾಂಸಖಂಡ ಕರಗುವುದು, ಮೂಳೆ ಸವೆಯುವುದು ಇವೆಲ್ಲ ಬರುತ್ತವೆ. ದಿನಾ ನಡೆಯುವುದು, ಸ್ವಲ್ಪ ಭಾರ ಎತ್ತುವಂಥ ವ್ಯಾಯಾಮ, ಮೂಳೆಯ ಬಗ್ಗೆ ಡಾಕ್ಟರ ಸಲಹೆ, ಇವನ್ನು ಚಿಕಿತ್ಸೆಯಷ್ಟೇ ನಿಷ್ಠೆಯಿಂದ ಪಾಲಿಸಬೇಕು.

ಖರ್ಚಿನ ವಿಷಯ ಚುಟುಕಾಗಿ ಹೇಳುತ್ತೇನೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ಇದೆ, ಉಳಿದವರಿಗೆ ವೆಚ್ಚದ ಒಂದು ಪಾಲು. ಯಾವ ಆಸ್ಪತ್ರೆಯಲ್ಲಿ, ಯಾವ ಚಿಕಿತ್ಸೆಗೆ ಎಂಬುದನ್ನು ದಾಖಲಾಗುವ ಮೊದಲೇ ವಿಚಾರಿಸಿಕೊಳ್ಳಿ. ಜಮೀನಿನ ಪತ್ರ ಅಡವಿಡುವ ಯೋಚನೆ ಅದಾದ ಮೇಲೆ ಬರಲಿ.

ಇನ್ನು ಮನೆಯವರ ಮಾತು. ‘ಅಪ್ಪನಿಗೆ ಹೇಳಬೇಡಿ ಡಾಕ್ಟ್ರೆ, ತಡ್ಕೊಳಲ್ಲ’ ಎಂದು ಮಕ್ಕಳು ಪ್ರೀತಿಯಿಂದಲೇ ಬೇಡಿಕೊಳ್ಳುತ್ತಾರೆ. ಅವರ ಆತಂಕಕ್ಕೆ ಆಧಾರವಿಲ್ಲದೆ ಇಲ್ಲ. ಸ್ವೀಡನ್ನಿನಲ್ಲಿ ದಶಕಗಳ ದಾಖಲೆ ಜೋಡಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಪ್ರಾಸ್ಟೇಟ್ ಕ್ಯಾನ್ಸರ್ ಎಂದು ತಿಳಿದ ಮೊದಲ ವಾರದಲ್ಲಿ ಹೃದಯದ ತೊಂದರೆಗಳೂ ಜೀವ ಕಳೆದುಕೊಳ್ಳುವ ಪ್ರಸಂಗಗಳೂ ಮಾಮೂಲಿಗಿಂತ ಬಹಳ ಹೆಚ್ಚಿದ್ದವೆಂದು ಕಂಡಿತು. ಸುದ್ದಿಯ ಪೆಟ್ಟೇ ದೇಹಕ್ಕೆ ಅಪಾಯ ತರಬಲ್ಲದು ಎಂಬುದು ಹೀಗೆ ಲೆಕ್ಕಕ್ಕೇ ಸಿಕ್ಕಿದೆ. ಆದರೆ ಇದರಿಂದ ಬಚ್ಚಿಡಬೇಕು ಎಂದು ತೀರ್ಮಾನಿಸಿದರೆ ದಾರಿ ತಪ್ಪಿದಂತೆ. ದಿನಾ ಆಸ್ಪತ್ರೆಗೆ ಕರೆದೊಯ್ಯುತ್ತಿರುವಾಗ, ಪಿಸುಮಾತು ಕೇಳುತ್ತಿರುವಾಗ, ಯಾರ ಅಪ್ಪನಿಗೂ ಗೊತ್ತಾಗದೆ ಉಳಿಯುವುದಿಲ್ಲ. ಗೊತ್ತಾದದ್ದನ್ನು ಹೇಳಿಕೊಳ್ಳಲು ಆಗದೆ ಒಬ್ಬರೇ ನವೆಯುತ್ತಾರೆ. ಅಷ್ಟೇ ಅಲ್ಲ, ಮೂತ್ರ, ಲೈಂಗಿಕ ಶಕ್ತಿ, ಉಳಿದ ಆಯುಸ್ಸು ಇವುಗಳ ನಡುವೆ ತೂಗಿ ನೋಡಬೇಕಾದ ತೀರ್ಮಾನವನ್ನು ಮಕ್ಕಳು ತಂದೆಯ ಪರವಾಗಿ ತೆಗೆದುಕೊಳ್ಳುವುದು ಹೇಗೆ? ಅಪ್ಪನಿಗೆ ಯಾವುದು ಬೇಕು ಎಂದು ಮಗ ಊಹಿಸಲಾರ, ಕೇಳಲು ಸಂಕೋಚಪಡುತ್ತಾನೆ. ಹೇಳಬೇಕು. ವರದಿ ಬಂದ ರಾತ್ರಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಬೇಕಿಲ್ಲ. ಆದರೆ ಆ ಮೊದಲ ವಾರ ಅವರನ್ನು ಒಂಟಿಯಾಗಿ ಬಿಡಬಾರದು. ಎದೆನೋವು ಎಂದರೆ ‘ಯೋಚನೆ ಮಾಡಿ ಮಾಡಿ ಹಾಗಾಗಿದೆ’ ಎಂದು ತಳ್ಳಿಹಾಕದೆ ತೋರಿಸಬೇಕು. ಬದುಕಿ ಏನು ಪ್ರಯೋಜನ ಎಂಬ ಮಾತು ಬಂದರೆ ಬೈಯದೆ ಪಕ್ಕದಲ್ಲಿ ಕೂತು ಕೇಳಬೇಕು. ‘ಟೆಲಿ ಮಾನಸ್’ ಸಹಾಯವಾಣಿಯ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಮಾಡಬಹುದು.

ಈ ವಾರಗಳಲ್ಲೇ ನೆಂಟರಿಷ್ಟರು ಯಾವುದೋ ಊರಿನ ಪುಡಿ, ಕಷಾಯ, ಬೇರಿನ ವಿಳಾಸ ಹಿಡಿದು ಬರುತ್ತಾರೆ. ಡಾಕ್ಟರೇ ಕಾಯಬಹುದು ಎಂದ ಮೇಲೆ ಅಷ್ಟರಲ್ಲಿ ಇದನ್ನೂ ನೋಡಿಬಿಡೋಣ ಎನ್ನಿಸುತ್ತದೆ. ಆದರೆ ನಿಗಾ ಎಂದರೆ ಹಾಗೆ ಸುಮ್ಮನೆ ಕಾಯುವುದಲ್ಲ. ನಾನು ಹೇಳುತ್ತಿರುವ ನಿಗಾಕ್ಕೆ ದಿನಾಂಕಗಳಿವೆ: ಇಂಥ ತಿಂಗಳು ಪಿ.ಎಸ್.ಎ., ಇಂಥ ತಿಂಗಳು ಎಂ.ಆರ್.ಐ., ಇಂಥ ವರ್ಷ ಮರುಬಯಾಪ್ಸಿ, ಅಂಕಿ ಇಷ್ಟಾದರೆ ಚಿಕಿತ್ಸೆ ಎಂದು ಮೊದಲೇ ಬರೆದಿಟ್ಟದ್ದು. ಆ ತಾರೀಕುಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಹಬ್ಬಗಳ ಜೊತೆಗೇ ಗುರುತು ಹಾಕಿ ತಪ್ಪದೆ ನಡೆಸಲು ಆಗದವರಿಗೆ, ತೀರ ದೂರದಲ್ಲಿದ್ದು ಬಂದುಹೋಗಲು ಅನುಕೂಲವಿಲ್ಲದವರಿಗೆ, ಕಡಿಮೆ ಅಪಾಯದ ರೋಗವಿದ್ದರೂ ಚಿಕಿತ್ಸೆಯೇ ಮೇಲು ಎಂದು ಅನ್ನಿಸಬಹುದು. ಅದೂ ಯೋಗ್ಯವಾದ ತೀರ್ಮಾನವೇ.

ಮುಂದಿನ ಭೇಟಿಗೆ ಹೋಗುವಾಗ ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಆ ಕೋಣೆಯೊಳಗೆ ಕಾಲಿಟ್ಟ ಕೂಡಲೇ ಅರ್ಧ ಮರೆತುಹೋಗುತ್ತದೆ. ನನ್ನದು ಕಡಿಮೆ ಅಪಾಯದ್ದೋ, ಮಧ್ಯಮವೋ, ಹೆಚ್ಚಿನದೋ? ಏನೂ ಮಾಡದಿದ್ದರೆ ಹತ್ತು ವರ್ಷದಲ್ಲಿ ಏನಾಗಬಹುದು? ನನ್ನ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದರಲ್ಲಿ ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ಬರುತ್ತದೆ? ಮೂತ್ರದ ಹಿಡಿತ ಮರಳಲು ಎಷ್ಟು ತಿಂಗಳು? ಹೆಂಡತಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಹೋಗಬೇಡಿ. ಈ ಪ್ರಶ್ನೆಗಳಲ್ಲಿ ಅರ್ಧದಷ್ಟು ಅವರವೂ ಹೌದು, ಡಾಕ್ಟರು ಹೇಳಿದ್ದರಲ್ಲಿ ನಿಮಗೆ ಕೇಳಿಸದೆ ಹೋದದ್ದನ್ನು ನೆನಪಿಟ್ಟುಕೊಂಡು ಬರುವವರೂ ಅವರೇ.